ಮನೆಯ ಹಿರಿಯರಿಗೆ ಫ್ಲೂ ಲಸಿಕೆ: ಮಳೆಗಾಲಕ್ಕೆ ಮುಂಚೆ ಒಪ್ಪಿಸುವುದು ಹೇಗೆ?

ಸಾಗರದ_ಸೊಸೆ

ನಮ್ಮ ಮಾವನವರಿಗೆ 74 ವರ್ಷ. ಶುಗರ್ ಇದೆ, ಥಂಡಿಗೆ ದಮ್ಮೂ ಬರುತ್ತದೆ. ನಮ್ಮ ಕಡೆಯ ಮಳೆ ನಿಮಗೆಲ್ಲ ಗೊತ್ತೇ ಇದೆ. ಜುಲೈನಲ್ಲಿ ಹಿಡಿದ ಕೆಮ್ಮು ಚೌತಿ ಹಬ್ಬ ಕಳೆದರೂ ಬಿಡುವುದಿಲ್ಲ. ಹೋದ ವರ್ಷ ಟೆಸ್ಟ್ ಮಾಡಿಸಿದಾಗ ಫ್ಲೂ ಅಂತ ಬಂತು. ಅದೇ ನ್ಯುಮೋನಿಯಾಕ್ಕೆ ತಿರುಗಿ ಶಿವಮೊಗ್ಗದಲ್ಲಿ ಅಡ್ಮಿಟ್ ಮಾಡಬೇಕಾಯಿತು. ಮನೆಗೆ ಕಳಿಸುವಾಗ ಡಾಕ್ಟರು "ಮುಂದಿನ ಮಳೆಗಾಲಕ್ಕೆ ಮೊದಲು ಫ್ಲೂ ಲಸಿಕೆ ಹಾಕಿಸಿ" ಎಂದು ಚೀಟಿಯಲ್ಲೇ ಬರೆದುಕೊಟ್ಟರು. ಈಗ ಏಪ್ರಿಲ್ ಮುಗಿಯುತ್ತಾ ಬಂತು. ಮಾವ ಜಪ್ಪಯ್ಯ ಅಂದರೂ ಒಪ್ಪುತ್ತಿಲ್ಲ.

ಅವರ ವಾದ ಸುಮ್ನೆ ತಳ್ಳಿಹಾಕುವಂಥದ್ದೂ ಅಲ್ಲ. "ಮಂಗನ ಕಾಯಿಲೆಗೆ ಅಂತ ವರ್ಷ ವರ್ಷ ಸೂಜಿ ಚುಚ್ಚಿಸಿಕೊಂಡೆವು. ತೋಳು ಉರಿದು ರಾತ್ರಿಯೆಲ್ಲ ನಿದ್ದೆ ಇಲ್ಲ. ಕೊನೆಗೆ ಅದು ಸರಿಯಾಗಿ ಕೆಲಸ ಮಾಡ್ತಿಲ್ಲ ಅಂತ ಅವರೇ ನಿಲ್ಲಿಸಿದರು. ಈಗ ಇನ್ನೊಂದಾ?" ಎನ್ನುತ್ತಾರೆ. 2019ರಲ್ಲಿ ಅರಳಗೋಡಿನಲ್ಲಿ ಮಂಗನ ಕಾಯಿಲೆಗೆ ಜನ ಸತ್ತದ್ದನ್ನು ಹತ್ತಿರದಿಂದ ನೋಡಿದವರು ಅವರು. ಲಸಿಕೆ ಅಂದರೆ ಹೆದರುವವರಲ್ಲ, ಅದರ ಮೇಲಿದ್ದ ನಂಬಿಕೆ ಹೋಗಿದೆ. ಇಂಥವರಿಗೆ ಏನಂತ ಹೇಳುವುದು? ಮನೆಯಲ್ಲಿ ಹಿರಿಯರನ್ನು ಒಪ್ಪಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ವಾರ್ಡ್_ಸಿಸ್ಟರ್

ನಾನು ಮೆಡಿಕಲ್ ವಾರ್ಡಿನಲ್ಲಿ ತುಂಬಾ ವರ್ಷಗಳಿಂದ ನರ್ಸ್. ನಿಮ್ಮ ಮಾವ ಕೇಳುತ್ತಿರುವುದು ಸರಿಯಾದ ಪ್ರಶ್ನೆ. ಅದಕ್ಕೆ ನೇರವಾಗಿ ಉತ್ತರ ಕೊಡಿ.

ಮಂಗನ ಕಾಯಿಲೆಯ ಹಳೆಯ ಲಸಿಕೆಯ ವಿಷಯದಲ್ಲಿ ಅವರು ಹೇಳಿದ್ದು ನಿಜ. ಎರಡು ಡೋಸ್, ಆಮೇಲೆ ಬೂಸ್ಟರ್ ಮೇಲೆ ಬೂಸ್ಟರ್, ನೋವು ಬೇರೆ. ರಕ್ಷಣೆ ಸಾಲದು ಅಂತ 2022ರಲ್ಲಿ ಅದನ್ನು ಕೊಡುವುದು ನಿಲ್ಲಿಸಿದರು. ಇದನ್ನು ಒಪ್ಪಿಕೊಂಡೇ ಮಾತು ಶುರು ಮಾಡಿ. "ಅದೆಲ್ಲ ಬಿಡಿ ಮಾವ" ಅಂದರೆ ಅಲ್ಲಿಗೇ ಮಾತು ಮುಗಿಯಿತು.

ಫ್ಲೂ ಲಸಿಕೆ ಬೇರೆಯದೇ ವಸ್ತು. ಪ್ರತಿ ವರ್ಷ ಯಾಕೆ ಅಂತ ಅವರು ಕೇಳೇ ಕೇಳುತ್ತಾರೆ. ಫ್ಲೂ ವೈರಸ್ ರೂಪ ಬದಲಿಸುತ್ತಲೇ ಇರುತ್ತದೆ. ಬೇರೆ ಬೇರೆ ದೇಶಗಳ ಪ್ರಯೋಗಾಲಯಗಳಿಂದ ಬಂದ ವೈರಸ್ ಮಾಹಿತಿ ನೋಡಿ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ಲಸಿಕೆಯಲ್ಲಿ ಯಾವ ತಳಿ, ಅಂದರೆ ವೈರಸ್ಸಿನ ಯಾವ ಬಗೆ, ಇರಬೇಕು ಅಂತ ಹೇಳುತ್ತದೆ. ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರಿನಲ್ಲಿ ದಕ್ಷಿಣ ಗೋಳಾರ್ಧಕ್ಕೆ. ಅದೂ ಅಲ್ಲದೆ ವಯಸ್ಸಾದವರ ಮೈಯಲ್ಲಿ ಲಸಿಕೆಯ ಬಲ ತಿಂಗಳುಗಳಲ್ಲೇ ಇಳಿಯುತ್ತದೆ.

ಇನ್ನು ಎಷ್ಟು ಕೆಲಸ ಮಾಡುತ್ತದೆ ಅನ್ನುವುದು. ಇಲ್ಲಿ ಒಂದು ಚೂರೂ ಬಣ್ಣ ಹಚ್ಚಬೇಡಿ. ತಳಿ ಚೆನ್ನಾಗಿ ಹೊಂದಿದ ವರ್ಷ ಫ್ಲೂನಿಂದ ಡಾಕ್ಟರ ಹತ್ತಿರ ಓಡುವ ಸಾಧ್ಯತೆ 40ರಿಂದ 60 ಪರ್ಸೆಂಟ್ ಕಡಿಮೆ ಆಗುತ್ತದೆ. ವಯಸ್ಸಾದವರಲ್ಲಿ ಇನ್ನೂ ಸ್ವಲ್ಪ ಕಡಿಮೆ ಇರಬಹುದು. ಆದರೆ ಆಸ್ಪತ್ರೆ ಸೇರುವುದು, ಐಸಿಯು, ಸಾವು, ಇವು ಕಡಿಮೆ ಆಗುತ್ತವೆ. ಅವರಿಗೆ ಗೊತ್ತಿರುವ ಮಾತಿನಲ್ಲೇ ಹೇಳುವುದಾದರೆ, ಮಳೆಗೆ ತಲೆಯಿಂದ ಹೊದೆಯುವ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿದರೆ ಕಾಲು ನೆನೆಯುತ್ತದೆ, ಎದೆ ನೆನೆಯುವುದಿಲ್ಲ.

ಇನ್ನೊಂದು ವಿಷಯ, ಇದು ಎಲ್ಲ ಮನೆಯವರಿಗೂ. ನಮ್ಮ ವಾರ್ಡಿಗೆ ಮಳೆಗಾಲದಲ್ಲಿ ಬರುವ ಎಷ್ಟೋ ಅಜ್ಜ ಅಜ್ಜಿಯರಿಗೆ ಜ್ವರವೇ ಇರುವುದಿಲ್ಲ. "ಎರಡು ದಿನದಿಂದ ಊಟ ಬೇಡ ಅಂದರು, ಇವತ್ತು ಬೆಳಿಗ್ಗೆ ಏನೇನೋ ಮಾತಾಡ್ತಿದ್ದಾರೆ, ಬಚ್ಚಲಿಗೆ ಹೋಗುವಾಗ ಬಿದ್ದರು" ಅಂತ ಕರೆತರುತ್ತಾರೆ. ಬೆರಳಿಗೆ ಕ್ಲಿಪ್ ಹಾಕಿ ನೋಡಿದರೆ ಆಕ್ಸಿಜನ್ 86ಕ್ಕೆ ಇಳಿದಿರುತ್ತದೆ. ಮೈ ಬಿಸಿ ಇಲ್ಲ ಅಂತ ಮನೆಯವರು ಕಾದಿರುತ್ತಾರೆ. ವಯಸ್ಸಾದವರಲ್ಲಿ ಫ್ಲೂ ಹೀಗೆ ಸದ್ದಿಲ್ಲದೆ ಬರುವುದೂ ಉಂಟು.

ಹುಬ್ಬಳ್ಳಿ_ಮಂದಿ

ಬೇಜಾರು ಮಾಡ್ಕೋಬೇಡಿ, ನನಗೆ ಇದು ಅತಿ ಅನಿಸುತ್ತದೆ. ನೆಗಡಿಗೆ ಯಾರಾದರೂ ಎರಡು ಸಾವಿರ ಖರ್ಚು ಮಾಡುತ್ತಾರಾ? ನಮ್ಮವ್ವ ಶುಂಠಿ, ಮೆಣಸು ಹಾಕಿ ಕಷಾಯ ಕುಡಿದು, ಹೊದ್ದು ಮಲಗಿ ಎದ್ದುಬಿಡುತ್ತಾಳೆ. ಆಕೆಗೆ 70. ಕೋವಿಡ್ ಲಸಿಕೆ ಹಾಕಿಸಿದಾಗಿನಿಂದ ಸೂಜಿ ಅಂದರೆ ಸಾಕು, "ಹಾಸನದಾಗ ಮಂದಿ ಹಾರ್ಟ್ ಅಟ್ಯಾಕ್ ಆಗಿ ಬಿದ್ರಂತ, ಆ ಸೂಜಿಯಿಂದನ" ಅನ್ನುತ್ತಾಳೆ. ವಾಟ್ಸಾಪಿನಲ್ಲಿ ದಿನಾ ಅದೇ ವಿಡಿಯೊ. ನಾನಾದರೂ ಏನು ಹೇಳಲಿ?

ವಾರ್ಡ್_ಸಿಸ್ಟರ್

ನೆಗಡಿ ಬೇರೆ, ಫ್ಲೂ ಬೇರೆ. ನೆಗಡಿಯಲ್ಲಿ ಮೂಗು ಸುರಿಯುತ್ತದೆ, ಓಡಾಡಿಕೊಂಡೇ ಇರುತ್ತೇವೆ. ಫ್ಲೂ ಬಂದರೆ ಒಮ್ಮೆಗೇ ಹೊಡೆದು ಮಲಗಿಸುತ್ತದೆ, ಮೈ ಕೈಯೆಲ್ಲ ಮುರಿದ ಹಾಗೆ. ಕಷಾಯ ಕುಡಿಯಲಿ, ಗಂಟಲಿಗೆ ಹಿತ. ಆದರೆ ಶ್ವಾಸಕೋಶಕ್ಕೆ ಇಳಿದ ವೈರಸ್ಸನ್ನು ಕಷಾಯ ತಡೆಯುವುದಿಲ್ಲ. 2023ರ ಮಾರ್ಚ್ ನೆನಪಿದೆಯಲ್ಲ? ಎಚ್3ಎನ್2 ಫ್ಲೂನಿಂದ ನಮ್ಮ ರಾಜ್ಯದಲ್ಲಿ ಮೊದಲು ತೀರಿಕೊಂಡವರು ಹಾಸನ ಜಿಲ್ಲೆಯ, ಎಂಬತ್ತು ದಾಟಿದ ಹಿರಿಯರೊಬ್ಬರು. ಅವರಿಗೆ ಶುಗರ್, ಬಿಪಿ ಎರಡೂ ಇತ್ತು. ಪ್ರಪಂಚದಲ್ಲಿ ವರ್ಷಕ್ಕೆ 2.9 ಲಕ್ಷದಿಂದ 6.5 ಲಕ್ಷ ಜನ ಫ್ಲೂ ಸಂಬಂಧದ ಉಸಿರಾಟದ ತೊಂದರೆಯಿಂದ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಹಾಸನದ ಹೃದಯಾಘಾತದ ಮಾತು. 2025ರಲ್ಲಿ ಆ ಸುದ್ದಿ ಹಬ್ಬಿದಾಗ ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ಮುಂದಾಳತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಚಿಕ್ಕ ವಯಸ್ಸಿನ ಹೃದಯಾಘಾತಕ್ಕೂ ಕೋವಿಡ್ ಲಸಿಕೆಗೂ ಸಂಬಂಧ ಕಾಣಲಿಲ್ಲ ಅಂತ ಆ ಸಮಿತಿ ವರದಿ ಕೊಟ್ಟಿತು. ವಿಡಿಯೊ ಮಾಡಿದವರು ಇದನ್ನು ಹೇಳುವುದಿಲ್ಲ.

ಫ್ಲೂ ಲಸಿಕೆಯ ವಿಷಯದಲ್ಲಂತೂ ಮಾತು ಪೂರಾ ಉಲ್ಟಾ. ಹೃದಯಕ್ಕೆ ಅಪಾಯ ಇರುವುದು ಫ್ಲೂನಿಂದ. 2018ರಲ್ಲಿ ಕೆನಡಾದ ಒಂಟಾರಿಯೊದ ಅಧ್ಯಯನವೊಂದು ಬಂತು. ಫ್ಲೂ ಖಚಿತವಾದ ಮೊದಲ 7 ದಿನಗಳಲ್ಲಿ ಹೃದಯಾಘಾತದ ಅಪಾಯ ಸುಮಾರು 6 ಪಟ್ಟು ಇತ್ತು. 2021ರಲ್ಲಿ ಇನ್ನೊಂದು ದೊಡ್ಡ ಪ್ರಯೋಗದ ಫಲಿತಾಂಶ ಬಂತು, ಅದರಲ್ಲಿ ಬಾಂಗ್ಲಾದೇಶದ ಆಸ್ಪತ್ರೆಯೂ ಇತ್ತು. ಹೃದಯಾಘಾತವಾಗಿ ಆಸ್ಪತ್ರೆಗೆ ಬಂದವರಿಗೇ ಫ್ಲೂ ಲಸಿಕೆ ಕೊಟ್ಟು ನೋಡಿದರು. ಒಂದು ವರ್ಷದಲ್ಲಿ ಲಸಿಕೆ ಪಡೆದವರಲ್ಲಿ ಸಾವು ಕಡಿಮೆ ಇತ್ತು. ಹಾರ್ಟಿಗೆ ಸ್ಟೆಂಟ್ ಹಾಕಿಸಿಕೊಂಡವರು, ಶುಗರ್ ಇರುವವರು ಇದನ್ನು ಹಾಕಿಸಿಕೊಳ್ಳಲೇಬೇಕು ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ನಿವೃತ್ತ_ಮೇಷ್ಟ್ರು_ಮೈಸೂರು

ಇಲ್ಲಿ ಬರೆಯುವವರೆಲ್ಲ ಮಕ್ಕಳು, ಸೊಸೆಯರು. ನಾನು ಆ ಕಡೆಯವನು. ನನಗೆ 72. ಎರಡು ಮಾತು ಹೇಳಬೇಕು ಅನ್ನಿಸಿತು.

ನಮ್ಮನ್ನು "ಒಪ್ಪಿಸುವುದು ಹೇಗೆ" ಅಂತ ಕೇಳುತ್ತೀರಿ. ಮೊದಲು ನಮಗೆ ಯಾಕೆ ಬೇಡ ಅಂತ ಕೇಳಿ. ಒಬ್ಬೊಬ್ಬರದು ಒಂದೊಂದು. ನನ್ನ ಸ್ನೇಹಿತರೊಬ್ಬರಿಗೆ ದುಡ್ಡಿನ ಚಿಂತೆ, ಅದನ್ನು ಮಗನ ಎದುರು ಹೇಳಲಾರರು. ಪಕ್ಕದ ಬೀದಿಯ ಒಬ್ಬ ತಾಯಿ ಒಂಟಿ. ಲಸಿಕೆ ಹಾಕಿಸಿಕೊಂಡ ರಾತ್ರಿ ಜ್ವರ ಬಂದರೆ ನೀರು ಕೊಡುವವರು ಯಾರು ಅನ್ನುವುದು ಅವರ ಭಯ. ನಮ್ಮ ಮನೆಯವರು ಒಂದು ರಾತ್ರಿ ಅಲ್ಲಿ ಮಲಗಲು ಹೋದರು, ಅಷ್ಟೇ. ಮಾರನೆಯ ದಿನ ತೋಳು ನೋವು ಬಿಟ್ಟರೆ ಏನೂ ಆಗಿರಲಿಲ್ಲ. ಆ ತಾಯಿಗೆ ಯಾವ ಅಂಕಿ ಅಂಶ ಹೇಳಿದ್ದರೂ ಉಪಯೋಗ ಇರಲಿಲ್ಲ.

ಮಕ್ಕಳು ವಾಟ್ಸಾಪಿನಲ್ಲಿ ಲಿಂಕ್ ಕಳಿಸುತ್ತಾರೆ. ನಾವು ಅದಕ್ಕೆ ಕೈ ಮುಗಿಯುವ ಚಿತ್ರ ಹಾಕಿ ಬಿಡುತ್ತೇವೆ. ನಾನು ಹಾಕಿಸಿಕೊಂಡದ್ದು ನಮ್ಮ ಹಳೆಯ ಡಾಕ್ಟರು ಬಿಪಿ ಮಾತ್ರೆ ಬರೆಯುತ್ತಾ ತಲೆ ಎತ್ತಿ "ಮೇಷ್ಟ್ರೇ, ಈ ಸಲ ಫ್ಲೂ ಇಂಜೆಕ್ಷನ್ ತಗೊಂಡುಬಿಡಿ, ನಾನೂ ತಗೊಂಡಿದ್ದೇನೆ" ಅಂದದ್ದಕ್ಕೆ. ಒಂದೇ ವಾಕ್ಯ. ಇಷ್ಟು ವರ್ಷ ಅವರು ನನ್ನ ನಾಡಿ ನೋಡಿದ್ದಾರೆ, ಅವರ ಮಾತಿಗೆ ತೂಕ ಇದೆ. ಆದ್ದರಿಂದ ಮಕ್ಕಳಿಗೆ ನನ್ನ ಸಲಹೆ: ನೀವು ವಾದ ಮಾಡುವ ಬದಲು ನಿಮ್ಮ ಅಪ್ಪ ಅಮ್ಮ ನಂಬುವ ಡಾಕ್ಟರಿಗೆ ಮೊದಲೇ ಒಂದು ಮಾತು ಹೇಳಿ. ಮುಂದಿನ ಸಲ ಚೆಕಪ್ಪಿಗೆ ಹೋದಾಗ ಅವರೇ ಹೇಳಲಿ.

ಹೆದರಿಸಬೇಡಿ. "ಹಾಕಿಸಿಕೊಳ್ಳದಿದ್ದರೆ ಸತ್ತೇ ಹೋಗ್ತೀರಿ" ಅಂದರೆ ನಮ್ಮ ವಯಸ್ಸಿನವರು "ಹೋದರೆ ಹೋಗಲಿ ಬಿಡು" ಅನ್ನುತ್ತೇವೆ. ಸಾವಿಗಿಂತ ನಮಗೆ ಭಯ ಬೇರೆಯವರ ಕೈಗೆ ಬೀಳುವುದು. ಒಂದು ತಿಂಗಳು ಹಾಸಿಗೆ ಹಿಡಿದು ಎದ್ದವರು ಮೊದಲಿನ ಹಾಗೆ ನಡೆಯುವುದಿಲ್ಲ. ಬೆಳಗಿನ ವಾಕಿಂಗ್ ನಿಂತಿತು, ದೇವಸ್ಥಾನ ನಿಂತಿತು, ಬ್ಯಾಂಕಿಗೆ ಮಗ ಬರಬೇಕು. ಅದನ್ನು ಹೇಳಿ, ನಮಗೆ ತಟ್ಟುತ್ತದೆ.

ಮತ್ತೊಂದು. ಮಕ್ಕಳಿಗೆ, ಬಸುರಿಯರಿಗೆ ಸರ್ಕಾರ ಉಚಿತವಾಗಿ ಲಸಿಕೆ ಕೊಡುತ್ತದೆ, ಅದು ದೊಡ್ಡ ಕೆಲಸ. ಹಿರಿಯರ ಫ್ಲೂ ಲಸಿಕೆ ಮಾತ್ರ ನಮ್ಮ ಜೇಬಿನಿಂದಲೇ. ಬ್ರೆಜಿಲ್ ನಮ್ಮ ಹಾಗೇ ಬಡವರಿರುವ ದೊಡ್ಡ ದೇಶ. ಅಲ್ಲಿ 1999ರಿಂದಲೂ ಪ್ರತಿ ವರ್ಷ ಅಭಿಯಾನ ಮಾಡಿ ಹಿರಿಯರಿಗೆ ಉಚಿತವಾಗಿ ಹಾಕುತ್ತಿದ್ದಾರೆ. ಇಂಗ್ಲೆಂಡಿನಲ್ಲಿ 65 ದಾಟಿದವರಿಗೆಲ್ಲ ಉಚಿತ. ನಮ್ಮಲ್ಲಿ ಎಲ್ಲರಿಗೂ ಒಮ್ಮೆಗೇ ಆಗದಿದ್ದರೂ, ಶುಗರ್, ದಮ್ಮು, ಹೃದಯದ ಕಾಯಿಲೆ ಇರುವ ಬಡ ಹಿರಿಯರಿಂದಲಾದರೂ ಶುರು ಮಾಡಬಹುದಲ್ವಾ? ವೃದ್ಧಾಪ್ಯ ವೇತನದಲ್ಲಿ ತಿಂಗಳು ತಳ್ಳುವವರಿಗೆ ಎರಡು ಸಾವಿರದ ಸೂಜಿ ಹಾಕಿಸಿಕೊಳ್ಳಿ ಅಂತ ಯಾವ ಬಾಯಿಂದ ಹೇಳುವುದು?

ಔಷಧಿ_ಅಂಗಡಿ_ತುಮಕೂರು

ಮೇಷ್ಟ್ರು ಹೇಳಿದ್ದಕ್ಕೆ ನನ್ನ ಸಹಿ. ಅಂಗಡಿಗೆ ಬಂದು ಬೆಲೆ ಕೇಳಿ ವಾಪಸ್ ಹೋಗುವವರನ್ನು ನೋಡಿದರೆ ಸಂಕಟ ಆಗುತ್ತದೆ. ಕಂಪನಿ ನೋಡಿಕೊಂಡು ಸಾಮಾನ್ಯವಾಗಿ 1,500ರಿಂದ 2,500 ರೂಪಾಯಿ ಒಳಗೆ ಇರುತ್ತದೆ. ಒಂದು ಬೀದಿಯ ಏಳೆಂಟು ಹಿರಿಯರು ಸೇರಿ ಒಂದೇ ಕ್ಲಿನಿಕ್ಕಿಗೆ ಹೋದರೆ ಎಷ್ಟೋ ಡಾಕ್ಟರು ತಮ್ಮ ಫೀಸು ಬಿಡುತ್ತಾರೆ, ಕೇಳಿ ನೋಡಿ.

ಖರೀದಿ ಮಾಡುವವರಿಗೆ ಕೆಲವು ವಿಷಯ. ಲಸಿಕೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಫ್ರೀಜರಿನಲ್ಲಿ ಹೆಪ್ಪುಗಟ್ಟಿದರೆ ಕೆಟ್ಟಿತು ಅಂತಲೇ ಲೆಕ್ಕ. ಅಂಗಡಿಯಲ್ಲಿ ತೆಗೆದುಕೊಂಡು ಸ್ಕೂಟರ್ ಡಿಕ್ಕಿಯಲ್ಲಿ ಇಟ್ಟು ಸಂಜೆ ಡಾಕ್ಟರ ಹತ್ತಿರ ಹೋಗುತ್ತೇನೆ ಅನ್ನುವುದು ಬೇಡ. ಲಸಿಕೆ ಇಟ್ಟಿರುವ ಕ್ಲಿನಿಕ್ಕಿಗೇ ಹೋಗಿ. ಕರೆಂಟು ಹೋದಾಗ ಫ್ರಿಜ್ಜಿಗೆ ಏನು ವ್ಯವಸ್ಥೆ ಅಂತ ಕೇಳುವುದರಲ್ಲಿ ತಪ್ಪಿಲ್ಲ.

ಡಬ್ಬಿಯ ಮೇಲೆ ವರ್ಷ ಮತ್ತು ಯಾವ ಗೋಳಾರ್ಧದ್ದು ಅಂತ ಬರೆದಿರುತ್ತದೆ, ಎಕ್ಸ್‌ಪೈರಿ ಜೊತೆಗೆ ಅದನ್ನೂ ನೋಡಿ. ನಮ್ಮ ದೇಶದಲ್ಲಿ ಕಾಶ್ಮೀರದ ಕಡೆ ಫ್ಲೂ ಚಳಿಗಾಲದಲ್ಲಿ ಏರುತ್ತದೆ. ಉಳಿದ ಬಹುಪಾಲು ಕಡೆ ಮಳೆಗಾಲದಲ್ಲಿ ಜಾಸ್ತಿ, ಜನವರಿಯಿಂದ ಮಾರ್ಚ್ ನಡುವೆ ಇನ್ನೊಂದು ಸುತ್ತು. ಆದ್ದರಿಂದ ನಮಗೆ ಏಪ್ರಿಲ್, ಮೇ ಒಳ್ಳೆಯ ಕಾಲ. ಲಸಿಕೆಯ ಬಲ ಬರಲು ಎರಡು ವಾರ ಬೇಕು. ಜೂನ್ ಮಳೆ ಹಿಡಿಯುವಷ್ಟರಲ್ಲಿ ಮೈ ಸಿದ್ಧವಾಗಿರುತ್ತದೆ.

"ಮೂರು ತಳಿಯದ್ದು ಕೊಟ್ಟರು, ನಾಲ್ಕರದ್ದು ಇರಲಿಲ್ಲ, ಮೋಸ ಆಯ್ತಾ?" ಅಂತ ಕೇಳುತ್ತಾರೆ. ಮೋಸ ಏನಿಲ್ಲ. ನಾಲ್ಕನೆಯದಾದ ಬಿ ಯಮಗಾಟ ತಳಿ 2020ರ ಮಾರ್ಚ್ ನಂತರ ಪ್ರಪಂಚದಲ್ಲಿ ಎಲ್ಲೂ ಖಚಿತವಾಗಿ ಕಂಡಿಲ್ಲ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಮೂರು ತಳಿ ಸಾಕು ಅಂದಿದೆ.

ಎಡಿಸನ್_ಕನ್ನಡಿಗ

ನ್ಯೂಜೆರ್ಸಿಯಿಂದ. ಇಲ್ಲಿ ಮೆಡಿಕೇರ್ (ಹಿರಿಯರಿಗೆ ಸರ್ಕಾರದ ಆರೋಗ್ಯ ವಿಮೆ) ಇರುವವರು ಫ್ಲೂ ಲಸಿಕೆಗೆ ದುಡ್ಡು ಕೊಡಬೇಕಿಲ್ಲ. ಆದರೆ ಊರಿಂದ ಬಂದ ಅಪ್ಪ ಅಮ್ಮನಿಗೆ ಮೆಡಿಕೇರ್ ಎಲ್ಲಿಂದ ಬರಬೇಕು? ವಿಸಿಟರ್ ಇನ್ಶೂರೆನ್ಸ್ ಸಾಮಾನ್ಯವಾಗಿ ಲಸಿಕೆಗೆ ಕೊಡುವುದಿಲ್ಲ. ಕೈಯಿಂದ ಕಟ್ಟಿದರೂ ಹಾಕಿಸಿ, ಇಲ್ಲಿ ಫ್ಲೂ ಆಗಿ ಆಸ್ಪತ್ರೆ ಸೇರಿದರೆ ಬಿಲ್ ಎಷ್ಟಾಗುತ್ತದೆ ಅಂತ ನಿಮಗೇ ಗೊತ್ತು. ಅಕ್ಟೋಬರ್ ನಂತರವೂ ಅವರು ಇಲ್ಲೇ ಇರುವುದಾದರೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಫಾರ್ಮಸಿಗೆ ಕರೆದುಕೊಂಡು ಹೋಗಿ. ಅಪಾಯಿಂಟ್‌ಮೆಂಟ್ ಇಲ್ಲದೆಯೂ ಬಹಳ ಕಡೆ ಹಾಕುತ್ತಾರೆ.

65 ದಾಟಿದವರಿಗೆ ಇಲ್ಲಿ ಹೈ ಡೋಸ್ ಲಸಿಕೆ ಅಂತ ಬೇರೆಯೇ ಇದೆ. ಮೈಗೆ ವೈರಸ್ ಗುರುತು ಹಿಡಿಯಲು ಕಲಿಸುವ ಅಂಶ (ಆಂಟಿಜನ್) ಅದರಲ್ಲಿ ಮಾಮೂಲಿಯದರ 4 ಪಟ್ಟು. ಮಾಮೂಲಿ ಡೋಸಿಗಿಂತ ಅದು ಸುಮಾರು 24 ಪರ್ಸೆಂಟ್ ಹೆಚ್ಚು ಪರಿಣಾಮಕಾರಿ ಅಂತ 2014ರಲ್ಲಿ ಬಂದ ದೊಡ್ಡ ಅಧ್ಯಯನ ತೋರಿಸಿತ್ತು. 2022ರಿಂದ ಇಲ್ಲಿನ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 65 ಮೇಲಿನವರಿಗೆ ಇಂಥ ಬಲವಾದ ಲಸಿಕೆಗಳನ್ನೇ ಮೊದಲು ನೋಡಿ ಅನ್ನುತ್ತದೆ. ಅವು ಸಿಗದಿದ್ದರೆ ಮಾಮೂಲಿಯದನ್ನೇ ಹಾಕಿಸಿ, ಕಾಯುತ್ತಾ ಕೂರಬೇಡಿ.

ಹುಬ್ಬಳ್ಳಿ_ಮಂದಿ

ಸಿಸ್ಟರ್ ಹೇಳಿದ ಹೃದಯದ ವಿಷಯ ಅವ್ವನಿಗೆ ಓದಿ ಹೇಳಿದೆ. ಸ್ವಲ್ಪ ಮೆತ್ತಗಾಗಿದ್ದಾಳೆ. ಆದರೆ ಈಗ ಹೊಸ ಪ್ರಶ್ನೆ. ಇದನ್ನು ಕೋಳಿಮೊಟ್ಟೆಯಲ್ಲಿ ಮಾಡುತ್ತಾರಂತೆ ಹೌದಾ? ಅವ್ವ ಲಿಂಗ ಕಟ್ಟಿಕೊಂಡವಳು, ಮೊಟ್ಟೆ ಮುಟ್ಟಿದ ಪಾತ್ರೆಯಲ್ಲೂ ಉಣ್ಣುವುದಿಲ್ಲ. ಹೇಳದೆ ಹಾಕಿಸಿಬಿಡಲಾ?

ವಾರ್ಡ್_ಸಿಸ್ಟರ್

ಹೇಳದೆ ಹಾಕಿಸಬೇಡಿ, ದಯವಿಟ್ಟು. ನಾಳೆ ಬೇರೆಯವರಿಂದ ಗೊತ್ತಾದರೆ ಆಮೇಲೆ ಯಾವ ಔಷಧಿಗೂ ನಿಮ್ಮನ್ನು ನಂಬುವುದಿಲ್ಲ.

ಹೌದು, ಬಹುಪಾಲು ಫ್ಲೂ ಲಸಿಕೆಯ ವೈರಸ್ಸನ್ನು ಕೋಳಿಮೊಟ್ಟೆಯಲ್ಲೇ ಬೆಳೆಸುತ್ತಾರೆ. ಆಮೇಲೆ ಅದನ್ನು ಬೇರ್ಪಡಿಸಿ, ಕೊಂದು, ಶುದ್ಧ ಮಾಡುತ್ತಾರೆ. ಮೊಟ್ಟೆಯ ಪ್ರೋಟೀನಿನ ಅತಿ ಸಣ್ಣ ಅಂಶ ಉಳಿಯಬಹುದು. ಮೊಟ್ಟೆ ಇಲ್ಲದೆ ಮಾಡಿದ ಲಸಿಕೆಗಳು ಹೊರದೇಶಗಳಲ್ಲಿ ಇವೆ, ನಮ್ಮ ಊರುಗಳಲ್ಲಿ ಸಿಗುವುದು ಕಷ್ಟ. ಇಷ್ಟನ್ನೂ ಹೇಳಿ, ತೀರ್ಮಾನ ಅವರಿಗೇ ಬಿಡಿ.

ವೈರಸ್ ಕೊಂದು ಮಾಡುವ ಲಸಿಕೆ ಆದ್ದರಿಂದ ಇದರಿಂದಲೇ ಫ್ಲೂ ಬರುವುದು ಸಾಧ್ಯವಿಲ್ಲ, ಇದನ್ನೂ ಸೇರಿಸಿ ಹೇಳಿ.

ನಿವೃತ್ತ_ಮೇಷ್ಟ್ರು_ಮೈಸೂರು

ನಾನೂ ಮೊಟ್ಟೆ ತಿನ್ನದವನೇ. ನನಗೂ ಈ ಪ್ರಶ್ನೆ ಬಂದಿತ್ತು. ಔಷಧಿಯನ್ನು ನಾನು ಆಹಾರ ಅಂತ ಎಣಿಸುವುದಿಲ್ಲ. ಕ್ಯಾಪ್ಸೂಲಿನ ಮೇಲಿನ ಹೊದಿಕೆ ಬಹಳ ಸಲ ಪ್ರಾಣಿಯಿಂದ ತೆಗೆದ ಜೆಲಾಟಿನ್. ವರ್ಷಗಳಿಂದ ನುಂಗುತ್ತಿದ್ದೇನೆ. ಜೀವ ಉಳಿಸಿಕೊಳ್ಳುವ ಕಡೆ ನಮ್ಮ ಹಿರಿಯರೂ ಇಷ್ಟು ಸಡಿಲ ಕೊಟ್ಟಿದ್ದಾರೆ ಅಂತ ನನ್ನ ನಂಬಿಕೆ. ನಿಮ್ಮ ತಾಯಿ ಮಠಕ್ಕೆ ನಡೆದುಕೊಳ್ಳುವವರಾದರೆ ಅಲ್ಲಿಯ ಸ್ವಾಮಿಗಳನ್ನೇ ಕೇಳಲಿ. ಅವರು ಹೂಂ ಅಂದರೆ ನಿಮ್ಮ ಕೆಲಸ ಸುಲಭ.

ಕಾಪು_ಕಡಲು

ನನ್ನ ತಂದೆ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಹಾಕಿಸಬಹುದಾ? ಯಾರು ಹಾಕಿಸಿಕೊಳ್ಳಬಾರದು ಅಂತಲೂ ಹೇಳಿ.

ವಾರ್ಡ್_ಸಿಸ್ಟರ್

ಹಾಕಿಸಬಹುದು. ಮಾತ್ರೆಯ ವಿಷಯ ಮೊದಲೇ ಹೇಳಿ, ಸಣ್ಣ ಸೂಜಿ ಬಳಸುತ್ತಾರೆ. ಆಮೇಲೆ ಆ ಜಾಗವನ್ನು ಉಜ್ಜದೆ ಎರಡು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಬೇಕು.

ಹಿಂದೆ ಫ್ಲೂ ಲಸಿಕೆಗೆ ತೀವ್ರ ಅಲರ್ಜಿ ಆದವರಿಗೆ ಬೇಡ. ಜೋರು ಜ್ವರ ಇದ್ದರೆ ಇಳಿಯುವವರೆಗೆ ತಡೆಯಿರಿ. ಹಿಂದಿನ ಫ್ಲೂ ಲಸಿಕೆಯಾದ 6 ವಾರದೊಳಗೆ ಗಿಲನ್ ಬಾರೆ ಅನ್ನುವ ನರದ ತೊಂದರೆ ಆಗಿದ್ದವರು ಡಾಕ್ಟರ ಜೊತೆ ಮಾತಾಡಿಯೇ ತೀರ್ಮಾನಿಸಬೇಕು. ಅದು ಬಹಳ ಅಪರೂಪ, ಹತ್ತು ಲಕ್ಷ ಲಸಿಕೆಗೆ ಒಂದೋ ಎರಡೋ. ಉಳಿದವರಿಗೆ ತೋಳು ನೋವು, ಸಣ್ಣ ಜ್ವರ, ಮೈ ಭಾರ, ಒಂದೆರಡು ದಿನ. ಹಾಕಿಸಿಕೊಂಡ ಮೇಲೆ ಕಾಲು ಗಂಟೆ, ಅರ್ಧ ಗಂಟೆ ಅಲ್ಲೇ ಕೂತಿದ್ದು ಬನ್ನಿ.

ಸಾಗರದ_ಸೊಸೆ

ಎಲ್ಲರಿಗೂ ತುಂಬಾ ಧನ್ಯವಾದ. ಮೇಷ್ಟ್ರು ಹೇಳಿದ ಹಾಗೆ ಮೊದಲು ಮಾವನ ಮಾತು ಪೂರ್ತಿ ಕೇಳಿದೆ. ಮಂಗನ ಕಾಯಿಲೆ ಲಸಿಕೆಯ ಬಗ್ಗೆ ನೀವು ಹೇಳಿದ್ದು ನಿಜ ಅಂದಾಗ ಅವರ ದನಿಯೇ ಬದಲಾಯಿತು. ಕಂಬಳಿಕೊಪ್ಪೆ ಮಾತಿಗೆ ನಕ್ಕರು. ಆಮೇಲೆ ಕೇಳಿದ್ದು ಒಂದೇ: "ನೀವಿಬ್ಬರೂ ಹಾಕಿಸಿಕೊಳ್ತೀರಾ?" ಮನೆಯಲ್ಲಿ ಶಾಲೆಗೆ ಹೋಗುವ ಮಗು ಇದೆ, ಜ್ವರ ಮೊದಲು ತರುವುದು ಅವಳೇ. ಹಾಗಾಗಿ ನಾನು, ನಮ್ಮವರು, ಮಗಳು, ಮಾವ ನಾಲ್ವರೂ ಹೋಗಿ ಹಾಕಿಸಿಕೊಂಡು ಬಂದೆವು. ಮಾವ ಡಬ್ಬಿ ಇಸಕೊಂಡು, ಕನ್ನಡಕ ಹಾಕಿಕೊಂಡು, ಎಕ್ಸ್‌ಪೈರಿ ಓದಿ, ಸಿಸ್ಟರ್ ಸೂಜಿ ಹಿಡಿದು ನಿಂತಿದ್ದರೂ ಬಿಡದೆ ಫ್ರಿಜ್ಜಿನ ಬಾಗಿಲು ತೆಗೆಸಿ ನೋಡಿದರು. ರಾತ್ರಿ ತೋಳು ಸ್ವಲ್ಪ ನೊಂದಿತು. "ಇಷ್ಟೇನಾ?" ಅಂದರು.

ಅತ್ತೆ ಮಾತ್ರ ಇನ್ನೂ ಒಪ್ಪಿಲ್ಲ. ಅವರಿಗೆ 69. "ನನಗೇನಾಗಿದೆ, ಬಿಪಿ ಇಲ್ಲ, ಶುಗರ್ ಇಲ್ಲ" ಅನ್ನುತ್ತಾರೆ. ಅವರಿಗೂ ಬೇಕೇ ಬೇಕಾ?

ವಾರ್ಡ್_ಸಿಸ್ಟರ್

ಬೇಕು. ಕಾಯಿಲೆ ಇಲ್ಲದಿದ್ದರೂ 65 ದಾಟಿದ ಮೇಲೆ ಮೈಯ ತಡೆಯುವ ಶಕ್ತಿ ತಾನಾಗಿಯೇ ಕಡಿಮೆ ಆಗುತ್ತದೆ. ಆದರೆ ದಿನಾ ಅದೇ ಮಾತು ಎತ್ತಬೇಡಿ. ಮಾವನೇ ಹೇಳಲಿ, ಅವರ ಮಾತು ನಿಮ್ಮದಕ್ಕಿಂತ ಜಾಸ್ತಿ ನಡೆಯುತ್ತದೆ. ಜೂನ್ ದಾಟಿದರೂ ಪರವಾಗಿಲ್ಲ, ಜುಲೈ, ಆಗಸ್ಟಿನಲ್ಲಿ ಹಾಕಿಸಿದರೂ ಲಾಭವೇ.

ಅಷ್ಟರಲ್ಲಿ ಅವರಿಗೆ ಜ್ವರ, ಕೆಮ್ಮು ಬಂದರೆ ಮನೆಯಲ್ಲಿ ಎರಡು ದಿನ ನೋಡೋಣ ಅಂತ ಕಾಯಬೇಡಿ. ನಮ್ಮ ಆರೋಗ್ಯ ಇಲಾಖೆಯ ಮಾರ್ಗಸೂಚಿಯಲ್ಲೇ 65 ದಾಟಿದವರನ್ನು ಹೆಚ್ಚು ಅಪಾಯದ ಗುಂಪಿಗೆ ಸೇರಿಸಿದ್ದಾರೆ. ಅವರಿಗೆ ಟೆಸ್ಟ್ ರಿಪೋರ್ಟಿಗೆ ಕಾಯದೆ ಫ್ಲೂ ವೈರಸ್ಸಿನ ಮಾತ್ರೆ ಒಸೆಲ್ಟಮಿವಿರ್ ಶುರು ಮಾಡಬಹುದು. ಆ ಮಾತ್ರೆ ಮೊದಲ 48 ಗಂಟೆಯೊಳಗೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಡಾಕ್ಟರೇ ಬರೆದುಕೊಡಬೇಕು, ಅಂಗಡಿಯಿಂದ ನೀವೇ ತಂದು ಕೊಡಬೇಡಿ.

ಕಾಪು_ಕಡಲು

ಅಪ್ಪನಿಗೆ ನ್ಯುಮೋನಿಯಾ ಲಸಿಕೆಯೂ ಹೇಳಿದ್ದಾರೆ. ಎರಡನ್ನೂ ಒಂದೇ ದಿನ ಹಾಕಿಸಬಹುದಾ? ಊರಿಂದ ಉಡುಪಿಗೆ ಎರಡೆರಡು ಸಲ ಕರೆದುಕೊಂಡು ಹೋಗುವುದು ಕಷ್ಟ.

ವಾರ್ಡ್_ಸಿಸ್ಟರ್

ಒಂದೇ ದಿನ ಹಾಕಿಸಬಹುದು, ಒಂದು ಈ ತೋಳಿಗೆ, ಇನ್ನೊಂದು ಆ ತೋಳಿಗೆ. ಫ್ಲೂ ಪ್ರತಿ ವರ್ಷ ಬೇಕು, ನ್ಯುಮೋನಿಯಾದ್ದು ಹಾಗಲ್ಲ. ಯಾವುದು ಯಾವಾಗ ಹಾಕಿದರು ಅನ್ನುವ ಚೀಟಿಯನ್ನು ಅಪ್ಪನ ಬಿಪಿ ಫೈಲಿನಲ್ಲೇ ಇಡಿ, ಮುಂದಿನ ಡಾಕ್ಟರು ಮೊದಲು ಕೇಳುವುದು ಅದನ್ನೇ.